ಕ್ಲಚ್ ಕೆಟ್ಟಿದ್ರ ಕ್ಲಚ್ಚಷ್ಟ ಬದಲ್ ಮಾಡಸ್ರಿ



ಬ್ಯಾಸಗಿ ಬಂತು, ಇಕಿ ಈ ಸಲ ಸಂಡಗಿ ಹಪ್ಪಳದ್ದ ಬರೀತಾಳ ಅಂತ ತಿಳಕೊಂಡಿರ್ತೀರಿ. ಅದನ್ನೂ ಬರೀತೀನಿ, ಮುಂದಿನ ಸಲ. ಇವತ್ತು ಬರಿಯೂದು ನಮ್ಮ ಪಿಕಪ್ ಗಾಡಿ ಎಸಿ ಬಗ್ಗೆ. ನಗಬ್ಯಾಡ್ರಿ. 21,000 ರೂಪಾಯಿ ಆಗತೈತಿ ಅಂತ ಚೀಟಿ ಬರದು ಕೊಟ್ಟಿದ್ದ ಕೆಲಸ 5,550 ರೂಪಾಯ್ದಾಗ ಮುಗದೈತಿ. ಹದಿನೈದು ಸಾವಿರದ ಮ್ಯಾಲ ಉಳೀತು. ಮನಿ ಲೆಕ್ಕಾ ಬರಿಯವರಿಗೆ ಅದು ಸಣ್ಣ ಮಾತಲ್ಲ.

ನಾ ಹೇಳೂದು ಒಂದ ಮಾತು. ಮನ್ಯಾಗಿಂದು ಯಾವ ಯಂತ್ರ ಕೆಟ್ರೂ, "ಪೂರಾ ಬದಲಾಯಿಸಬೇಕು" ಅಂದ ಕೂಡ್ಲೆ ಹೂಂ ಅನಬ್ಯಾಡ್ರಿ. ಅದರಾಗ ಯಾವ ಭಾಗ ಕೆಟ್ಟೈತಿ, ಅದು ಕೆಟ್ಟೈತಿ ಅಂತ ಹೆಂಗ ಗೊತ್ತಾತು, ಕಣ್ಣಿಗೆ ತೋರಸ್ರಿ ಅಂತ ಕೇಳ್ರಿ. ಗಂಡಸರು ಕೇಳದಿದ್ರ ನಾವು ಕೇಳೂಣು. ಗ್ಯಾರೇಜ್ ಅಂದ್ರ ಗಂಡಸರ ಜಾಗಾ, ನಮಗೇನ್ ತಿಳೀತೈತಿ ಅಂತ ನಾವ ಹಿಂದ ಸರೀತೀವಿ. ಹಂಗ ಸರಿಯೂದ್ರಿಂದ ಲುಕ್ಸಾನ ಆಗೂದು ನಮ್ಮ ಸಂಸಾರಕ್ಕ.

ಈಗ ಆದದ್ದು ಆದಂಗ ಹೇಳತೀನಿ.

ನಮ್ಮ ಗಾಡಿ 2011ರ ಮಾಡೆಲ್ಲು, ಡಬಲ್ ಕ್ಯಾಬಿನ್ ಪಿಕಪ್. ಮುಂದ ಐದು ಮಂದಿ ಕುಂಡ್ರಬಹುದು, ಹಿಂದ ದ್ರಾಕ್ಷಿ ಕ್ರೇಟು, ಗೊಬ್ಬರದ ಚೀಲ ಹೇರಬಹುದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಎಸಿ ಬೇಕಂತ ಹುಡುಕಿ ತಂದಿದ್ದಲ್ಲ, ಅದರಾಗ ಇತ್ತು, ಬಂತು. ನಮ್ಮನಿಯವರು ಎಸಿ ಹಚ್ಚೂದ ಕಡಿಮಿ. ಡೀಸೆಲ್ ತಿಂತೈತಿ ಅಂತಾರ. ಅದು ಸುಳ್ಳಲ್ಲ, ಎಸಿ ತಿರಗೂದು ಎಂಜಿನ್ನಿನ ಶಕ್ತಿಲೇನ, ಅದಕ್ಕ ಒಂದೀಟು ಡೀಸೆಲ್ ಜಾಸ್ತಿ ಹೋಗತೈತಿ.

ಶಿವರಾತ್ರಿ ಆದ ಮ್ಯಾಲ ಬಿಸಿಲು ಏರಾಕ ಹತ್ತಿತು. ಆಗ ಗೊತ್ತಾಗಿದ್ದು ಎಸಿ ಸರಿ ಇಲ್ಲಂತ. ಮುಂಜಾನೆ ಹೊಂಟಾಗ ಛಲೋ ತಂಪು ಹವಾ ಬರೂದು. ಅರ್ಧ ತಾಸು ಗಾಡಿ ಓಡಿ ಎಂಜಿನ್ ಕಾದಿಂದ ಬರೇ ಬಿಸಿ ಹವಾ. ಒಂದೆರಡು ತಾಸು ನಿಲ್ಲಿಸಿ ಮತ್ತ ಚಾಲೂ ಮಾಡಿದ್ರ ತಿರುಗಿ ತಂಪು. ಅದರ ಜೋಡಿ ಬಾನೆಟ್ಟಿನ ಒಳಗಿಂದ ಗರ್ ಗರ್ ಅಂತ ಒಂದು ಸಪ್ಪಳ, ಎಸಿ ಬಂದ್ ಇದ್ದಾಗೂ ಬರೂದು. "ಕಿಟಕಿ ತಗೀರಿ, ಗಾಳಿ ಬರತೈತಿ" ಅಂದ್ರು ಇವರು. ವಿಜಯಪುರದ ಬ್ಯಾಸಗ್ಯಾಗ 40 ಡಿಗ್ರಿ ದಾಟಿದ ಮ್ಯಾಲ ಕಿಟಕ್ಯಾಗ ಬರೂದು ಗಾಳಿ ಅಲ್ಲ, ಒಲಿ ಮುಂದಿನ ಝಳ.

ನಾನೂ ಸುಮ್ನ ಇರತಿದ್ದೆನೇನೋ. ಆದ್ರ ಮಗಳನ್ನ ಸೊಲ್ಲಾಪುರಕ್ಕ ಕೊಟ್ಟೀವಿ, ನಿಮಗೆಲ್ಲಾ ಗೊತ್ತೈತಿ. ಆಕಿಗೆ ಏಳು ತಿಂಗಳು. ಯುಗಾದಿ ಆದ ಮ್ಯಾಲ ಅಲ್ಲೇ ಕುಬಸಾ ಮಾಡಿ, ಊಟ ಮುಗಿಸಿ, ಚೊಚ್ಚಲ ಹೆರಿಗಿಗೆ ಕರಕೊಂಡು ಬರೂದು ಅಂತ ಹಿರಿಯಾರೆಲ್ಲಾ ಮಾತಾಡಿದ್ರು. ಊಟ ಮುಗಿಸಿ ಹೊಂಡೂದಂದ್ರ ಮಧ್ಯಾಹ್ನ ಎರಡು, ಮೂರು. ಸೊಲ್ಲಾಪುರದಿಂದ ವಿಜಯಪುರಕ್ಕ 100 ಕಿಲೋಮೀಟರ್ ಹತ್ತಿರ. ಧೂಳಖೇಡದಾಗ ಭೀಮಾ ನದಿ ದಾಟಿ, ಝಳಕಿ, ಹೊರ್ತಿ ಮ್ಯಾಲ ಬರಬೇಕು. ಅಷ್ಟೂ ದಾರಿ ಬಿಸಿಲ ಬಿಸಿಲು. ಆಕಿಗೆ ಕಾಲು ಬಾತಿದ್ವು, ಬಿಪಿ ಒಂದೀಟು ಏರಿತ್ತು. ಬಿಸಿಲಾಗ ತಿರಗಸಬ್ಯಾಡ್ರಿ ಅಂತ ಡಾಕ್ಟರ್ ಬಾಯಾರು ಹೇಳಿದ್ರು. ಹಿಂದಿನ ಸೀಟಿನ್ಯಾಗ ಕಾಲು ಚಾಚಿ ಕುಂಡ್ರಾಕ ನಮ್ಮ ಗಾಡಿನ ಛಲೋ. ಆದ್ರ ಎಸಿ ಇಲ್ಲದ ಹೆಂಗ ತರೂದು?

ಇವರನ್ನ ಎಬ್ಬಿಸಿ ಗ್ಯಾರೇಜಿಗೆ ಕಳಿಸಿದೆ. ಯಾವ ಗ್ಯಾರೇಜು ಅನ್ನೂದು ಬ್ಯಾಡ. ಅಲ್ಲಿಯವರು ಬಾನೆಟ್ ಎತ್ತಿ ಐದು ನಿಮಿಷ ನೋಡಿ, ಗ್ಯಾಸ್ ಕಡಿಮಿ ಆಗೇತಿ ಅಂತ ಗ್ಯಾಸ್ ತುಂಬಿದ್ರು. 1,800 ರೂಪಾಯಿ ತಗೊಂಡ್ರು. ನಾಕು ದಿವಸಕ್ಕ ನೋಡಿದ್ರ ಮತ್ತ ಅದ ಕತಿ. ಮುಂಜಾನೆ ತಂಪು, ಆಮ್ಯಾಲ ಬಿಸಿ.

ಇಲ್ಲೊಂದು ಮಾತು ಹೇಳತೀನಿ, ಕಾರು ಇದ್ದವರಿಗೂ ಬೇಕಾಗತೈತಿ. ಎಸಿ ಗ್ಯಾಸು ಅಡಗಿ ಸಿಲಿಂಡರ್ ಗ್ಯಾಸಿನಂಗ ಉರದು ಖಾಲಿ ಆಗೂದಲ್ಲ. ಪೈಪಿನ ಒಳಗ ಸುತ್ತಿ ಸುತ್ತಿ ಬರತೈತಿ, ನಮ್ಮ ಫ್ರಿಜ್ಜಿನ್ಯಾಗ ಇದ್ದಂಗ. ಫ್ರಿಜ್ಜಿಗೆ ಯಾರರೆ ವರ್ಷಾ ಗ್ಯಾಸ್ ತುಂಬಸ್ತೀರೇನು? ಗ್ಯಾಸ್ ಕಡಿಮಿ ಆಗೇತಿ ಅಂದ್ರ ಎಲ್ಲೋ ಸೋರೇತಿ ಅಂತ ಅರ್ಥ. ಗಾಡಿ ಹಳೇದಾದಂಗ ರಬ್ಬರ್ ಪೈಪಿನಿಂದ, ಜೋಡಣಿಯಿಂದ ಸ್ವಲ್ಪ ಸ್ವಲ್ಪ ಸೋರೂದು ಖರೆ. ಆದ್ರ ಎಲ್ಲಿ ಸೋರತೈತಿ ಅಂತ ನೋಡದ ತುಂಬೂದು ತೂತು ಕೊಡಕ್ಕ ನೀರು ತುಂಬಿದಂಗ. ಮತ್ತ ಗ್ಯಾಸ್ ನಿಜವಾಗಿ ಕಡಿಮಿ ಇದ್ರ ಮುಂಜಾನೆ ಮಾತ್ರ ಅಷ್ಟು ತಂಪು ಹವಾ ಯಾಕ ಬರಬೇಕು? ಈ ಪ್ರಶ್ನೆ ನಾವು ಅವತ್ತ ಕೇಳಬೇಕಿತ್ತು. ಕೇಳಲಿಲ್ಲ, 1,800 ರೂಪಾಯಿ ಹೋತು.

ಎರಡನೇ ಸಲ ಹೋದಾಗ ನಾನೂ ಗಾಡ್ಯಾಗ ಇದ್ದೆ, ಬಜಾರಕ್ಕ ಹೊಂಟಿದ್ದೆ. "ಕಂಪ್ರೆಸರ್ ಹೋಗೇತಿ, ಪೂರಾ ಹೊಸಾದು ಹಾಕಬೇಕು" ಅಂತ ಆ ಹುಡುಗ ಚೀಟಿ ಬರದ. ಕಂಪ್ರೆಸರ್ 18,500, ಮಜೂರಿ ಮತ್ತ ಗ್ಯಾಸ್ 2,500. ಒಟ್ಟು 21,000. ನಾ ಇಳದು ಕೇಳಿದೆ, "ಕಂಪ್ರೆಸರ್ ಹೋಗಿದ್ರ ಮುಂಜಾನೆ ತಂಪು ಹವಾ ಹೆಂಗ ಬರತೈತಿಪಾ?" ಅಂವ ನನ್ನ ಕಡೆ ನೋಡಲಿಲ್ಲ, ಇವರ ಕಡೆ ನೋಡಿ, "ಸರ, ಆಂಟಿಗೆ ಇದೆಲ್ಲಾ ತಿಳ್ಯಾಂಗಿಲ್ಲ" ಅಂದು ನಕ್ಕ. ಇವರೂ ನಕ್ಕರು. ಹುಡುಗ ನಕ್ಕಿದ್ದಕ್ಕ ನನಗೇನೂ ಅನಸಲಿಲ್ಲ. ಇವರು ನಕ್ಕಿದ್ದಕ್ಕ ಸಿಟ್ಟು ಬಂತು.

ಮನಿಗೆ ಬಂದು ಹೊಲಿಗಿ ಮಶಿನ್ನಿನ ಮುಂದ ಕುಂತೆ. ಮಗಳ ಕೂಸಿಗೆ ಕುಂಚಗಿ ಹೊಲಿಯೂದಿತ್ತು. ದಾರ ಮುಗದಿತ್ತು, ಬಾಬಿನ್ನಿಗೆ ದಾರ ಸುತ್ತಬೇಕು. ನಿಮಗೆಲ್ಲಾ ಗೊತ್ತಿರೂದ, ಬಾಬಿನ್ ಸುತ್ತೂ ಮುಂದ ಬಲಗಡೆ ಗಾಲಿ ನಡುವಿನ ತಿರುಪು ಸಡ್ಲ ಮಾಡತೀವಿ. ಕಾಲಿಲೆ ತುಳದ್ರ ಬೆಲ್ಟು ತಿರಗತೈತಿ, ಗಾಲಿ ತಿರಗತೈತಿ, ಆದ್ರ ಸೂಜಿ ಮಾತ್ರ ನಿಂತಲ್ಲೇ ನಿಂತಿರತೈತಿ. ತಿರುಪು ಬಿಗಿ ಮಾಡಿದ್ರ ಗಾಲಿ ಜೋಡಿ ಸೂಜಿನೂ ಮ್ಯಾಲ ಕೆಳಗ ಆಡತೈತಿ. ತುಳಕೋತ ಕುಂತಾಗ ತಲ್ಯಾಗ ಬಂತು. ಒಂದ್ ವ್ಯಾಳೆ ಈ ತಿರುಪು ಸವದು ಬಿಗಿ ಆಗಲಾರದಂಗ ಆದ್ರ, ನಾ ಸೂಜಿ ಕೆಟ್ಟೈತಿ, ಪೂರಾ ಮಶಿನ್ ಹೊಸಾದು ತರ್ರಿ ಅಂತೀನೇನು?

ಮಿಕ್ಸರ್ ನೆನಪು ಮಾಡ್ಕೋರಿ. ಮೋಟರು ಗುರ್ರ್ ಅಂತೈತಿ, ಜಾರಿನ್ಯಾಗಿನ ಬ್ಲೇಡು ತಿರಗೂದಿಲ್ಲ. ಕೆಳಗ ಇರೂ ರಬ್ಬರಿನ ಕಪ್ಲರ್ ಸವದಿರತೈತಿ. ನಾವು ಅದೊಂದು ತಂದು ಹಾಕ್ತೀವಿ, ಚಟ್ನಿ ರುಬ್ಬತೀವಿ. ಮಿಕ್ಸರ್ ಒಗ್ಯಾಂಗಿಲ್ಲ. ಇಷ್ಟು ಬುದ್ಧಿ ನಮಗ ದಿನಾ ಬೇಕಾಗೂದು. ಗಾಡಿ ಮುಂದ ನಿಂತ ಕೂಡ್ಲೆ ಯಾಕ ಮರೀತೀವಿ?

ಮರುದಿನ ನಮ್ಮ ತಮ್ಮನ ಟ್ರ್ಯಾಕ್ಟರ್ ವೈರಿಂಗ್ ಮಾಡೂ ಒಬ್ಬ ಹಿರಿಯಾ ಮಿಸ್ತ್ರಿ ಹತ್ರ ಹೋದ್ವಿ. ಅರವತ್ತು ದಾಟಿದವರು, ಗಾಡಿ ಎಸಿ ಕೆಲಸಾನೂ ಮಾಡತಾರ. ಈ ಸಲ ನಾ ಗಾಡ್ಯಾಗ ಕುಂಡ್ರಲಿಲ್ಲ, ಬಾನೆಟ್ ಹತ್ರ ನಿಂತೆ. "ಕಾಕಾರ, ನೀವೇನ್ ನೋಡತೀರಿ ಅದನ್ನ ನನಗೂ ತೋರಸ್ರಿ" ಅಂದೆ. ಅವರು ನಗಲಿಲ್ಲ. "ಬರ್ರಿ ಅಕ್ಕಾರ, ಮೊದಲ ಸೆರಗು ಸುತ್ತಿ ಗಟ್ಟಿ ಸಿಗಸ್ಕೋರಿ, ಜಡಿ ಹಿಂದ ಕಟ್ರಿ, ಬೆಲ್ಟು ಎಳಕೊಂಡ್ರ ಬಿಡಂಗಿಲ್ಲ" ಅಂದ್ರು. ಈ ಮಾತು ನಿಮಗೂ ಹೇಳತೀನಿ. ಎಂಜಿನ್ ಚಾಲೂ ಇದ್ದಾಗ ಸೀರಿ ಉಟ್ಟವರು ಒಂದು ಮಾರು ದೂರ ನಿಲ್ರಿ.

ಅವರು ತೋರಿಸಿದ್ದು ಹಿಂಗ. ಫ್ರಿಜ್ಜಿನ ಕಂಪ್ರೆಸರಿಗೆ ಕರೆಂಟಿನ ಮೋಟರು ಒಳಗ ಇರತೈತಿ. ಗಾಡಿ ಕಂಪ್ರೆಸರಿಗೆ ಮೋಟರಿಲ್ಲ, ಎಂಜಿನ್ನಿನಿಂದ ಬೆಲ್ಟಿಲೆ ತಿರಗತೈತಿ. ಎಂಜಿನ್ ಚಾಲೂ ಇದ್ದಷ್ಟು ಹೊತ್ತೂ ಬೆಲ್ಟು ತಿರಗತೈತಿ, ಬೆಲ್ಟಿನ ಪುಲ್ಲಿನೂ ತಿರಗತೈತಿ. ಆದ್ರ ಎಸಿ ಬ್ಯಾಡಾದಾಗ ಕಂಪ್ರೆಸರ್ ತಿರಗಬಾರದು. ಅದಕ್ಕ ನಡುವ ಕ್ಲಚ್ ಇರತೈತಿ. ಪುಲ್ಲಿ ಮುಂದ ಒಂದು ತಾಟಿನಂಥಾ ಪ್ಲೇಟು, ಪುಲ್ಲಿ ಹಿಂದ ತಾಮ್ರದ ತಂತಿ ಸುತ್ತಿದ ಕಾಯಿಲ್. ಎಸಿ ಗುಂಡಿ ಒತ್ತಿದ್ರ ಕಾಯಿಲಿಗೆ ಬ್ಯಾಟರಿ ಕರೆಂಟು ಹೋಗಿ ಅದು ಅಯಸ್ಕಾಂತ ಆಗತೈತಿ, ಪ್ಲೇಟನ್ನ ಎಳದು ಪುಲ್ಲಿಗೆ ಅಂಟಸತೈತಿ. ಟಕ್ ಅಂತ ಸಪ್ಪಳ ಬರತೈತಿ. ಪ್ಲೇಟು ತಿರಗಿದ್ರ ಕಂಪ್ರೆಸರ್ ತಿರಗತೈತಿ. ಸಾಲ್ಯಾಗ ಮೊಳಿಗೆ ವೈರು ಸುತ್ತಿ, ಟಾರ್ಚಿನ ಶೆಲ್ ಹಚ್ಚಿ, ಗುಂಡಪಿನ್ನು ಎತ್ತಿ ತೋರಸತಿದ್ರಲ್ಲ ಮಾಸ್ತರು, ಅದ ಇದು. ನಾ ಪಿಯುಸಿ ಆರ್ಟ್ಸ್ ಓದಿದಾಕಿ, ನನಗೂ ಅದು ನೆನಪಿತ್ತು.

ಅಂದ್ರ ಪುಲ್ಲಿ ಅಂದ್ರ ಹೊಲಿಗಿ ಮಶಿನ್ನಿನ ಗಾಲಿ. ಕ್ಲಚ್ಚು ಅಂದ್ರ ನಡುವಿನ ತಿರುಪು. ಕಂಪ್ರೆಸರ್ ಅಂದ್ರ ಸೂಜಿ. ನಾ ಹಂಗ ಅಂದಿದ್ದಕ್ಕ ಕಾಕಾರು, "ಅಗದಿ ಬರೋಬ್ಬರಿ" ಅಂದ್ರು.

ಗಾಡಿ ತಣ್ಣಗಿದ್ದಾಗ ಎಸಿ ಹಚ್ಚಿದ್ರು. ಟಕ್ ಅಂತು, ಪ್ಲೇಟು ತಿರಗಿತು, ತಂಪು ಹವಾ ಬಂತು. ಗಾಡಿ ಹಂಗ ಅರ್ಧ ತಾಸು ಚಾಲೂ ಬಿಟ್ರು. ಪ್ಲೇಟು ನಿಂತಬಿಟ್ಟಿತು. ಪುಲ್ಲಿ ತಿರಗಾಕ ಹತ್ತೈತಿ, ಪ್ಲೇಟು ನಿಂತೈತಿ. ಕಣ್ಣಿಲೆ ನೋಡಿದೆ. ಕರೆಂಟು ಬರಾಕ ಹತ್ತೈತೋ ಇಲ್ಲೋ ಅಂತ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿದ್ರು, ದೀಪ ಛಲೋ ಹತ್ತಿತು. ಅಂದ್ರ ಫ್ಯೂಜು, ರಿಲೇ, ವೈರು, ಗ್ಯಾಸಿನ ಪ್ರೆಶರ್ ಸ್ವಿಚ್ಚು ಎಲ್ಲಾ ಸರಿ. ಗ್ಯಾಸ್ ಭಾಳ ಕಡಿಮಿ ಇದ್ರ ಆ ಸ್ವಿಚ್ಚು ಕ್ಲಚ್ಚಿಗೆ ಕರೆಂಟ ಬಿಡಂಗಿಲ್ಲಂತ. ಆಮ್ಯಾಲ ಒಂದು ಉದ್ದನ್ನ ಕಟಗಿ ತಗೊಂಡು ಪ್ಲೇಟಿನ ನಡುವ ಮೆಲ್ಲಕ ಒತ್ತಿದ್ರು. ಟಕ್ ಅಂತ ಹಿಡಕೊಂಡಿತು. ಎರಡು ನಿಮಿಷದಾಗ ತಂಪು ಹವಾ. (ಇದನ್ನ ನೀವು ಮಾಡಾಕ ಹೋಗಬ್ಯಾಡ್ರಿ, ಕೈ ಹೋಗತೈತಿ. ರೂಢಿ ಇದ್ದವರ ಮಾಡಬೇಕು.)

ಕಾರಣಾನೂ ಬಿಡಿಸಿ ಹೇಳಿದ್ರು. ಪ್ಲೇಟಿಗೂ ಪುಲ್ಲಿಗೂ ನಡುವ ಅರ್ಧ ಮಿಲಿಮೀಟರ್ ಆಸುಪಾಸು ಸಂದು ಇರಬೇಕು. ಗಾಡಿ ಓಡಿದಂಗ ಎಸಿ ತಾನ ಹತ್ತತೈತಿ, ತಾನ ಆರತೈತಿ, ಪ್ರತಿ ಸಲ ಪ್ಲೇಟು ಬಡಕೊಂಡು ಒಂದೀಟು ಸವೀತೈತಿ. ವರ್ಷಗಟ್ಟಲೆ ಸವದು ನಮ್ಮ ಗಾಡ್ಯಾಗ ಸಂದು ಒಂದು ಮಿಲಿಮೀಟರ್ ದಾಟಿತ್ತು. ಕಾಯಿಲ್ ತಣ್ಣಗಿದ್ದಾಗ ಅಷ್ಟು ದೂರದಿಂದನೂ ಎಳೀತೈತಿ. ತಾಮ್ರದ ತಂತಿ ಕಾದ್ರ ಅದರಾಗ ಕರೆಂಟು ಕಡಿಮಿ ಹರೀತೈತಿ, ಅಯಸ್ಕಾಂತದ ಶಕ್ತಿ ಇಳೀತೈತಿ, ಪ್ಲೇಟು ದೂರದಾಗ ಉಳೀತೈತಿ. ಮುಂಜಾನೆ ತಂಪು, ಆಮ್ಯಾಲ ಬಿಸಿ ಯಾಕ ಅನ್ನೂ ನನ್ನ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ತು. ಆಂಟಿಗೂ ತಿಳೀತು.

"ಕೆಲವು ಗಾಡ್ಯಾಗ ಪ್ಲೇಟಿನ ಹಿಂದ ತೆಳ್ಳನ್ನ ವಾಷರ್ ಇರತಾವ. ಒಂದು ವಾಷರ್ ತಗದು ಸಂದು ಕಡಿಮಿ ಮಾಡಿದ್ರ ಅಷ್ಟಕ್ಕ ಮುಗೀತೈತಿ, ಸಾಮಾನಿನ ಖರ್ಚ ಇರೂದಿಲ್ಲ" ಅಂದ್ರು ಕಾಕಾರು. ನಮ್ಮದರಾಗ ಅದು ಆಗಲಿಲ್ಲ. ಪ್ಲೇಟು ಜಾರಿ ಜಾರಿ ಕಾದು ನೀಲಿ ಬಣ್ಣಕ್ಕ ತಿರಗಿತ್ತು. ಪುಲ್ಲಿ ಒಳಗಿನ ಬೇರಿಂಗಿನ ಗ್ರೀಸು ಆರಿತ್ತು. ಎಸಿ ಬಂದ್ ಇದ್ದಾಗೂ ಗರ್ ಗರ್ ಅಂತಿದ್ದದ್ದು ಅದ, ಯಾಕಂದ್ರ ಪುಲ್ಲಿ ಯಾವಾಗ್ಲೂ ತಿರಗತೈತಿ. ಅದನ್ನ ಹಂಗ ಬಿಟ್ರ ಒಂದಿನ ಬೇರಿಂಗ್ ಹಿಡಕೊಂಡು ಬೆಲ್ಟು ಹರೀತಿತ್ತಂತ. ನಮ್ಮ ಗಾಡ್ಯಾಗ ಎಸಿದ್ದ ಬೆಲ್ಟು ಬ್ಯಾರೆ ಐತಿ. ಕೆಲವು ಗಾಡ್ಯಾಗ ಒಂದ ಉದ್ದ ಬೆಲ್ಟು ನೀರಿನ ಪಂಪು, ಬ್ಯಾಟರಿ ಚಾರ್ಜ್ ಮಾಡೂ ಯಂತ್ರ ಎಲ್ಲಾ ತಿರಗಸತೈತಿ. ಅಂಥಾದ್ರಾಗ ಬೆಲ್ಟು ಹರದ್ರ ನಡು ದಾರ್ಯಾಗ ಗಾಡಿನ ನಿಲ್ಲತೈತಿ. "ಎಸಿ ಬ್ಯಾಡ ಬಿಡು, ಸಪ್ಪಳ ಬಂದ್ರ ಬರಲಿ" ಅನ್ನೂ ಗಂಡಸರಿಗೆ ಇದನ್ನ ಹೇಳ್ರಿ.

ಅದಕ್ಕ ಪ್ಲೇಟು, ಬೇರಿಂಗ್ ಸಹಿತ ಪುಲ್ಲಿ, ಕಾಯಿಲ್ ಮೂರೂ ಕೂಡಿದ ಕ್ಲಚ್ ಸೆಟ್ ಹಾಕೂದಂತ ಆತು. ಸೆಟ್ಟಿಗೆ 4,200. ಬೆಲ್ಟಿನ ಒಳಮೈ ಸೀಳಿತ್ತು, ಅದಕ್ಕ 450. ಮಜೂರಿ 900. ಎಲ್ಲಾ ಕೂಡಿ 5,550.

ಕೆಲಸ ಮೂರು ತಾಸು ಹಿಡೀತು. ನಾ ಅಲ್ಲೇ ಸ್ಟೂಲ್ ಹಾಕ್ಕೊಂಡು ಕುಂತೆ. ಮೊದಲ ಬ್ಯಾಟರಿ ವೈರು ಬಿಚ್ಚಿದ್ರು. ಬೆಲ್ಟು ಸಡ್ಲ ಮಾಡಿ ತಗದ್ರು. ಕಂಪ್ರೆಸರಿನ ಬೋಲ್ಟು ಬಿಚ್ಚಿ, ಪೈಪು ಹಂಗ ಇಟ್ಟು, ಕೈಗೆ ಸಿಗೂವಷ್ಟು ಮುಂದ ಎಳಕೊಂಡ್ರು. ಪ್ಲೇಟಿನ ನಡುವಿನ ನಟ್ಟು ಬಿಚ್ಚಿ, ಪ್ಲೇಟನ್ನ ಎಳಿಯೂ ಸಾಧನದಿಂದ ಹೊರಗ ತಗದ್ರು. ಸುತಗಿಲೆ ಬಡೀಲಿಲ್ಲ. ಬಡದ್ರ ಒಳಗಿನ ಕಂಪ್ರೆಸರಿಗೆ ಪೆಟ್ಟು ಬೀಳತೈತಂತ. ಹಿಂದಿನ ವಾಷರ್ ಒಂದು ಸ್ಟೀಲ್ ವಾಟಿಯೊಳಗ ಎತ್ತಿಟ್ರು. ಆಮ್ಯಾಲ ಲಾಕಿನ ರಿಂಗ್ ತಗದು ಪುಲ್ಲಿ, ಇನ್ನೊಂದು ರಿಂಗ್ ತಗದು ಕಾಯಿಲ್. ಹಳೇ ಕಾಯಿಲ್ ಎಲ್ಲಿ ಕುಂತಿತ್ತೋ ಅಲ್ಲೇ ಹೊಸಾದು ಕುಂಡ್ರಿಸಿದ್ರು, ಅದರ ಗುರುತಿನ ಗುಬ್ಬಿ ತೂತಿಗೆ ಸರಿ ಕೂಡಬೇಕು. ಮೀಟರ್ ಹಚ್ಚಿ 3.6 ಓಮ್ ಅಂತ ತೋರಿಸಿದ್ರು. 12 ವೋಲ್ಟಿನ ಕಾಯಿಲ್ 3ರಿಂದ 4 ಓಮ್ ಆಸುಪಾಸು ಇದ್ರ ಸರಿಯಂತ. ಪ್ಲೇಟು ಪುಲ್ಲಿ ಕೂಡೂ ಮೈ ಒಣಾ ಬಟ್ಟಿಲೆ ಒರಸಿದ್ರು, ಎಣ್ಣಿ ಕೈ ತಾಗಸಲಿಲ್ಲ. ಎಣ್ಣಿ ತಾಗಿದ್ರ ಜಾರತೈತಿ. ಕಡೀಕ ತೆಳ್ಳನ್ನ ಪತ್ತಿ ಹಾಕಿ ಮೂರು ಕಡೆ ಸಂದು ಅಳದ್ರು. ಒಂದು ಕಡೆ ಜಾಸ್ತಿ ಬಂತು, ಮತ್ತ ಬಿಚ್ಚಿ ಒಂದು ವಾಷರ್ ಬದಲ್ ಮಾಡಿ ಮತ್ತ ಅಳದ್ರು.

ಇಷ್ಟರಾಗ ಗ್ಯಾಸಿನ ಪೈಪು ಬಿಚ್ಚಲೇ ಇಲ್ಲ ನೋಡ್ರಿ. ಕ್ಲಚ್ಚು ಕಂಪ್ರೆಸರಿನ ಹೊರಮೈಮ್ಯಾಲ ಇರತೈತಿ. ಜಾಗಾ ಸಿಕ್ರ ಗ್ಯಾಸ್ ತಗೀದ, ತುಂಬದ ಮುಗೀತೈತಿ. ಯಾರರೆ ಬರೇ ಕ್ಲಚ್ಚಿಗೆ ಗ್ಯಾಸಿನ ರೊಕ್ಕಾನೂ ಹಾಕಿದ್ರ, ಯಾಕಂತ ಕೇಳ್ರಿ. ಕೆಲವು ಗಾಡ್ಯಾಗ ಜಾಗಾ ಇರೂದಿಲ್ಲ, ಕಂಪ್ರೆಸರ್ ಪೂರಾ ಹೊರಗ ತಗೀಬೇಕಾಗತೈತಿ, ಆಗ ಗ್ಯಾಸಿನ ಖರ್ಚು ನ್ಯಾಯ. ಆದ್ರ ಕಾರಣ ಹೇಳಬೇಕು.

ಎಲ್ಲಾ ಕೂಡಿಸಿ ಚಾಲೂ ಮಾಡಿ, ಎಸಿ ಹಚ್ಚೂದು ಆರಸೂದು ಒಂದು ಇಪ್ಪತ್ತು ಸಲ ಮಾಡಿದ್ರು. ಹೊಸಾ ಪ್ಲೇಟು ಪುಲ್ಲಿಗೆ ಹೊಂದಿಕೋಬೇಕಂತ. ಹೊಸಾ ಹಂಚಿಗೆ ಮೊದಲಿನ ನಾಕು ದೋಸಿ ಹದಾ ಮಾಡಾಕ ಹಾಕಿದಂಗ ಅಂತ ನಾ ಅಂದ್ಕೊಂಡೆ.

ಈಗ ನನ್ನ ಮಾತಿಗೆ ಎದುರು ಮಾತು ಇದ್ದಾವ, ಅದನ್ನೂ ಹೇಳಬೇಕು. "ಎಲ್ಲಾ ಗ್ಯಾರೇಜಿನವರೂ ಮೋಸಾ ಮಾಡತಾರ ಅಂತೀಯೇನು?" ಅಂತ ನಮ್ಮ ನೆಗೆಣ್ಣಿ ಕೇಳಿದ್ಲು. ಇಲ್ಲ. ಪೂರಾ ಕಂಪ್ರೆಸರ್ ತಂದ್ರ ಅದಕ್ಕ ಕ್ಲಚ್ಚು ಜೋಡಿಸಿ ಬಂದಿರತೈತಿ, ಸಂದು ಅಳಿಯೂ ಗೋಜಿಲ್ಲ. ಗ್ಯಾರಂಟಿ ಇರತೈತಿ, ಗಿರಾಕಿ ತಿರುಗಿ ಬಂದು ಬೈಯ್ಯಾಂಗಿಲ್ಲ. ಬರೇ ಕ್ಲಚ್ಚು ಹಾಕಿ ಆರು ತಿಂಗಳಿಗೆ ಒಳಗಿನ ಕಂಪ್ರೆಸರ್ ಹೋದ್ರ ಬೈಗುಳಾ ತಿನ್ನೂದು ಅಂವನ. ಅವನ ಭಯಾನೂ ತಿಳೀತೈತಿ. ಆದ್ರ ಆ ಭಯಕ್ಕ 15,000 ರೂಪಾಯಿ ನಾ ಕೊಡಬೇಕೋ ಬ್ಯಾಡೋ ಅನ್ನೂದು ನನ್ನನ್ನ ಕೇಳಿ ಮಾಡಬೇಕಲ್ಲ? "ಬರೇ ಕ್ಲಚ್ಚು ಕೆಟ್ಟೈತಿ, ಅದನ್ನಷ್ಟ ಹಾಕಿದ್ರ ಇಷ್ಟು, ಪೂರಾ ಹಾಕಿದ್ರ ಅಷ್ಟು, ಗ್ಯಾರಂಟಿ ಹಿಂಗ" ಅಂತ ಎರಡೂ ಇಟ್ಟು ಹೇಳಿದ್ರ ನಾನ ಆರಿಸಿಕೋತಿದ್ದೆ. ಒಂದ ಇಟ್ಟು, ಇನ್ನೊಂದು ಮುಚ್ಚಿದ್ರು. ನನ್ನ ತಕರಾರು ಅದು.

ಪೂರಾ ಬದಲಾಯಿಸಬೇಕಾದ ಹೊತ್ತೂ ಇರತೈತಿ. ಪ್ಲೇಟನ್ನ ಕೈಲೆ ತಿರಗಿಸಿದ್ರ (ಎಂಜಿನ್ ಬಂದ್ ಇದ್ದಾಗ) ಕಂಪ್ರೆಸರ್ ತಿರಗದ ಬಿಗಿ ಹಿಡದಿದ್ರ, ಒಳಗ ಕರ ಕರ ಅಂದ್ರ, ಮೂತಿ ಹತ್ರ ಎಣ್ಣಿ ಸೋರಿ ಧೂಳು ಮೆತ್ತಿದ್ರ, ಒಳಗಿಂದ ಲೋಹದ ಚೂರು ಬಂದ್ರ, ಕ್ಲಚ್ಚಷ್ಟ ಹಾಕೂದು ದಂಡ. ಸೀಲಿನಿಂದ ಸೋರಿದ ಎಣ್ಣಿ ಹೊಸಾ ಪ್ಲೇಟಿಗೂ ಹತ್ತಿ ಅದೂ ಜಾರತೈತಿ. ಕಾಕಾರು ನಮ್ಮದನ್ನ ಕೈಲೆ ತಿರಗಿಸಿ, ಬೆಳಕು ಹಿಡದು ನೋಡಿ, ಸೋರಿಲ್ಲ ಅಂತ ಖಾತ್ರಿ ಮಾಡ್ಕೊಂಡ ಮ್ಯಾಲ ಕ್ಲಚ್ಚು ಹಾಕಿದ್ರು. ಅಂದ್ರ ಸೋವಿ ಆದದ್ದ ಸರಿ ಅಂತ ನಾ ಹೇಳವಲ್ಲೆ. ನೋಡಿ ಹೇಳಿದ್ದು ಸರಿ ಅಂತ ಹೇಳಾಕ ಹತ್ತೀನಿ.

ಇನ್ನೊಂದು ಮಾತು ನಮ್ಮನಿಯವರದು. "ಹಳೇ ಗಾಡಿಗೆ ಎಸಿ ಯಾಕ ಬೇಕು? ಐದೂವರೆ ಸಾವಿರಕ್ಕ ಗೊಬ್ಬರ ಬರತಿತ್ತು." ಇದಕ್ಕ ನಾ ಮನ್ಯಾಗ ಕೊಟ್ಟ ಉತ್ತರಾನ ಇಲ್ಲೂ ಬರೀತೀನಿ. ಗಾಡಿ ಹಳೇದು ಆಗಿರಬಹುದು, ಅದರಾಗ ಕುಂಡ್ರೂ ಮಂದಿಗೆ ಬಿಸಿಲು ಹೊಸಾದ ಬಡೀತೈತಿ. ಹಿಂದಿನ ವರ್ಷ ಮೇ ತಿಂಗಳದಾಗ ಸೊಲ್ಲಾಪುರದಿಂದ ಬಂದ ದಿವಸ ಇವರು ತಲಿ ಹಿಡಕೊಂಡು ಎರಡು ದಿವಸ ಮಲಗಿದ್ರು, ಗೊತ್ತೈತೇನು ನಿಮಗ? ಅದಕ್ಕ ಬಿಸಿಲಾತು ಅಂದ್ರು, ಎಸಿ ಬೇಕಿತ್ತು ಅನಲಿಲ್ಲ. ಹೊಲಕ್ಕ ಹಾಕೂ ರೊಕ್ಕ ಖರ್ಚಲ್ಲ, ಮನಿ ಮಂದಿ ಮೈಗೆ ಹಾಕೂ ರೊಕ್ಕ ಮಾತ್ರ ಖರ್ಚು ಅಂತ ನಮ್ಮ ಕಡೆ ಗಂಡಸರ ಲೆಕ್ಕ. ಮಿಕ್ಸರ್ ಕೆಟ್ರ ಹದಿನೈದು ದಿವಸ ರುಬ್ಬಗುಂಡಿನ್ಯಾಗ ರುಬ್ಬು ಅಂತಾರ, ಪಂಪ್‌ಸೆಟ್ಟು ಕೆಟ್ರ ರಾತ್ರೋರಾತ್ರಿ ಮಿಸ್ತ್ರಿ ಬರತಾನ. ಪಂಪ್‌ಸೆಟ್ಟಿಗೆ ಬರಬೇಕು, ನಾ ಬ್ಯಾಡ ಅನ್ನಂಗಿಲ್ಲ. ಏಳು ತಿಂಗಳ ಬಸರಿಗೂ ಬರಬೇಕು.

ನೀವು ಗ್ಯಾರೇಜಿಗೆ ಹೋಗೂ ಮುಂದ ನಾಕು ಮಾತು ನೆನಪಿಟ್ಕೋರಿ. ಮೊದಲ, ಯಾವಾಗ ತಂಪು, ಯಾವಾಗ ಬಿಸಿ, ಯಾವಾಗ ಸಪ್ಪಳ ಅಂತ ಒಂದು ಚೀಟಿಮ್ಯಾಲ ಬರಕೋರಿ. ನಾವು ಪಕ್ಕದ ಸೀಟಿನ್ಯಾಗ ಕುಂಡ್ರವರು, ಅವರಿಗಿಂತ ನಮಗ ಛಲೋ ಗೊತ್ತಿರತೈತಿ. ಎರಡನೇದು, ಗ್ಯಾಸ್ ಕಡಿಮಿ ಅಂದ್ರ ಮೀಟರ್ ಹಚ್ಚಿ ತೋರಸ್ರಿ, ಎಲ್ಲಿ ಸೋರೇತಿ ಹೇಳ್ರಿ ಅನ್ರಿ. ಮೂರನೇದು, ಎಸಿ ಹಚ್ಚಿದಾಗ ಪ್ಲೇಟು ತಿರಗತೈತೋ ಇಲ್ಲೋ, ತಿರಗದಿದ್ರ ಅದಕ್ಕ ಕರೆಂಟು ಬರತೈತೋ ಇಲ್ಲೋ ಕೇಳ್ರಿ. ಈ ಎರಡು ಪ್ರಶ್ನೆಕ್ಕ ಉತ್ತರ ಹೇಳದ ಕಂಪ್ರೆಸರ್ ಬದಲಿಸು ಅಂದವರಿಗೆ, ನಾಳಿ ಬರತೀವಿ ಅಂತ ಹೇಳಿ ಮನಿಗೆ ಬರ್ರಿ. ನಾಕನೇದು, ಬಿಚ್ಚಿದ ಹಳೇ ಸಾಮಾನು ಕೇಳಿ ಇಸ್ಕೋರಿ. ನಮ್ಮ ಹಳೇ ಪ್ಲೇಟು ಕಟ್ಟಿಮ್ಯಾಲ ಇಟ್ಟೀನಿ, ನೋಡಬೇಕಂದವರು ಬರ್ರಿ, ನೀಲಿ ಆದದ್ದು ತೋರಸ್ತೀನಿ.

ಮತ್ತ ಥಂಡಿ ದಿವಸದಾಗೂ ವಾರಕ್ಕ ಒಂದು ಸಲ ಹತ್ತು ನಿಮಿಷ ಎಸಿ ಹಚ್ಚಬೇಕಂತ. ಒಳಗಿನ ಎಣ್ಣಿ ಗ್ಯಾಸಿನ ಜೋಡಿನ ತಿರಗೂದು, ತಿಂಗಳಗಟ್ಟಲೆ ನಿಂತ್ರ ಸೀಲು ಒಣಗತೈತಿ. ಡೀಸೆಲ್ ಉಳಸಾಕ ಹೋಗಿ ನಾವು ಅದನ್ನೂ ಮಾಡಿರಲಿಲ್ಲ.

ಮಗಳನ್ನ ಕರಕೊಂಡು ಬಂದ ಸುದ್ದಿ ನಿಮಗ ಮುಟ್ಟೈತಿ. ಮಧ್ಯಾಹ್ನ ಎರಡೂವರೆಗೆ ಸೊಲ್ಲಾಪುರ ಬಿಟ್ವಿ. ಭೀಮಾ ನದಿ ದಾಟೂ ಹೊತ್ತಿಗೆ ಆಕಿ ಹಿಂದಿನ ಸೀಟಿನ್ಯಾಗ ಕಾಲು ಚಾಚಿ ನಿದ್ದಿ ಹತ್ತಿದ್ಲು. ನಾ ಅರ್ಧ ತಾಸಾದ ಮ್ಯಾಲ ಕೈ ಹವಾದ ಮುಂದ ಹಿಡಕೊಂಡ ಕುಂತಿದ್ದೆ, ಬಿಸಿ ಆಗತೈತೇನೋ ಅಂತ. ಆಗಲಿಲ್ಲ. ಹೊರ್ತಿ ದಾಟಿದ ಮ್ಯಾಲ ಇವರ ಕಡೆ ನೋಡಿದೆ. ರಸ್ತಾ ನೋಡಕೋತ, "ಆ ಮಿಸ್ತ್ರಿ ಛಲೋ ಮನಶ್ಯಾ" ಅಂದ್ರು. ನೀ ಕೇಳಿದ್ದು ಛಲೋ ಆತು ಅನ್ನೂ ಮಾತು ಇನ್ನೂ ಬಂದಿಲ್ಲ.

ಕೂಸಿನ ಕುಂಚಗಿ ಹೊಲದು ಮುಗಸೀನಿ. ಸಂಡಗಿ ಹಿಟ್ಟು ಮುಂದಿನ ವಾರ ಹಾಕ್ತೀನಿ, ಕೈಗೂಡಸಾಕ ಬರೂವವರು ಮುಂಜಾನೆ ಬಿಸಿಲು ಏರೂ ಮೊದಲ ಬರ್ರಿ.